ರೇಸ್ ಕೇಬಲ್ ಸರಿಮಾಡಿಸಿದ ಅನುಭವ: ಆಳಂದ ರಸ್ತೆ ಬದಿಯ ಬೇವಿನ ಗಿಡದ ಕೆಳಗಿನ ಗ್ಯಾರೇಜ್

ಕಲಬುರಗಿಯಿಂದ ಜೇವರ್ಗಿಯ ಕಾಲೇಜಿಗೆ ವಾರಕ್ಕೆ ಐದು ದಿನ ನನ್ನನ್ನು ಕರೆದೊಯ್ಯುವ ಗಾಡಿ 2006ರ ಮಾರುತಿ 800. ಮೂರು ಸಿಲಿಂಡರಿನ, 796 ಸಿಸಿಯ, ನಾಲ್ಕು ಗೇರಿನ ಈ ಕಾರಿಗೆ ಹದಿನೈದು ವರ್ಷ ತುಂಬಿದಾಗ ಕೊಟ್ಟುಬಿಡಿ ಎಂದವರೇ ಹೆಚ್ಚು. ನಾನು ಮಾತ್ರ ನೋಂದಣಿ ನವೀಕರಿಸಿಕೊಂಡು ಇಂದಿಗೂ ಅದನ್ನೇ ಓಡಿಸುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಅದರ ಎಕ್ಸಲರೇಟರ್ ಕೇಬಲ್, ನಮ್ಮ ಕಡೆಯ ಗ್ಯಾರೇಜುಗಳ ಮಾತಿನಲ್ಲಿ ಹೇಳುವುದಾದರೆ ರೇಸ್ ಕೇಬಲ್, ಸಡಿಲಗೊಂಡಿತು. ಅದನ್ನು ಸರಿಪಡಿಸಲು ಎರಡು ಕಡೆ ಹೋಗಬೇಕಾಯಿತು. ಮೊದಲ ಕಡೆ ಕೆಲಸ ಕೆಟ್ಟಿತು, ಎರಡನೆಯ ಕಡೆ ಸರಿಯಾಯಿತು. ಆ ಎರಡನೆಯ ಗ್ಯಾರೇಜಿನ ಕೆಲಸ ಹೇಗಿತ್ತೆಂಬುದನ್ನು, ಹಳೆಯ ಕಾರು ಇಟ್ಟುಕೊಂಡ ಇತರರಿಗೂ ಉಪಯೋಗವಾಗಲೆಂದು, ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ದೋಷ ಮೊದಲು ಕಾಲಿಗೆ ತಿಳಿಯಿತು. ಪೆಡಲ್ ಒತ್ತಿದರೆ ಒಂದು ಬೆರಳಿನ ಅಗಲದಷ್ಟು ದೂರ ಅದು ಸುಮ್ಮನೆ ಕೆಳಗಿಳಿಯುತ್ತಿತ್ತು, ಎಂಜಿನ್‌ನಿಂದ ಉತ್ತರವೇ ಇರುತ್ತಿರಲಿಲ್ಲ. ಆಮೇಲೆ ಒಮ್ಮೆಲೇ ರೇಸ್ ಏರುತ್ತಿತ್ತು. ಸೂಪರ್ ಮಾರ್ಕೆಟ್ ಸುತ್ತಲಿನ ಸಂದಣಿಯಲ್ಲಿ ಕ್ಲಚ್ ಬಿಡುವುದಕ್ಕೂ ರೇಸ್ ಕೊಡುವುದಕ್ಕೂ ತಾಳೆಯಾಗದೆ ಗಾಡಿ ಜಗ್ಗಿ ಜಗ್ಗಿ ಬಂದಾಗುತ್ತಿತ್ತು. ಊರು ಬಿಟ್ಟು ಫರಹತಾಬಾದ್ ದಾಟಿದ ಮೇಲೆ ತೊಂದರೆ ಬೇರೆ ರೂಪ ತಾಳುತ್ತಿತ್ತು. ಜೇವರ್ಗಿ ರಸ್ತೆಯಲ್ಲಿ ಲಾರಿಗಳ ಸಾಲು ಯಾವಾಗಲೂ ಇರುತ್ತದೆ. ಅವುಗಳನ್ನು ಹಿಂದೆ ಹಾಕಲು ಪೆಡಲನ್ನು ನೆಲಮಟ್ಟ ಒತ್ತಿದರೂ ಗಾಡಿ ಮೊದಲಿನಂತೆ ಎಳೆಯುತ್ತಿರಲಿಲ್ಲ. ಕಟ್ಟಿ ಸಂಗಾವಿಯ ಭೀಮಾ ಸೇತುವೆ ಇನ್ನೂ ಎರಡು ಕಿಲೋಮೀಟರ್ ಇರುವಾಗ, ಎದುರಿನ ಬಸ್ಸು ಬಹಳ ದೂರದಲ್ಲಿದೆ ಎಂದು ಅಂದಾಜಿಸಿ ಲಾರಿಯ ಬೆನ್ನಿನಿಂದ ಹೊರಬಂದವನು, ಗಾಡಿಗೆ ವೇಗವೇ ಸಿಗದೆ, ಬ್ರೇಕ್ ಒತ್ತಿ ಮತ್ತೆ ಲಾರಿಯ ಹಿಂದಕ್ಕೇ ಸರಿಯಬೇಕಾಯಿತು. ಇನ್ನು ಒಂದು ದಿನವೂ ಇದನ್ನು ಮುಂದೂಡಬಾರದೆಂದು ಅಂದೇ ನಿಶ್ಚಯಿಸಿದೆ.

ಕೇಬಲ್‌ನ ಕೆಲಸ ಬಹಳ ಸರಳ. ಪೆಡಲಿನ ಮೇಲ್ತುದಿಗೆ ಸಿಕ್ಕಿಸಿದ, ಉಕ್ಕಿನ ಎಳೆಗಳನ್ನು ಹೆಣೆದು ಮಾಡಿದ ತಂತಿಯೊಂದು ಕವಚದೊಳಗೆ ಹಾಯ್ದು, ನಮ್ಮ ಕಾಲಿನ ಮುಂದಿರುವ ತಗಡಿನ ಗೋಡೆಯನ್ನು ತೂರಿ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಬಾಡಿಯ ಪಕ್ಕದಲ್ಲಿರುವ ಅರ್ಧಚಂದ್ರದಂಥ ಸಣ್ಣ ಗಾಲಿಗೆ ಸೇರುತ್ತದೆ. ಪೆಡಲ್ ಒತ್ತಿದಾಗ ಗಾಲಿ ತಿರುಗಿ, ಗಾಳಿಯ ದಾರಿಗೆ ಅಡ್ಡವಾಗಿರುವ ಬಿಲ್ಲೆ ತೆರೆದುಕೊಳ್ಳುತ್ತದೆ. ಕಾಲು ತೆಗೆದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಪೆಡಲ್ ಓಡಾಡುವ ದೂರವಂತೂ ನೆಲ ಇರುವಷ್ಟೇ. ಆದ್ದರಿಂದ ತಂತಿ ಸಡಿಲವಾಗಿ ಮೊದಲ ಒಂದಿಷ್ಟು ದೂರ ವ್ಯರ್ಥವಾದರೆ, ಅಷ್ಟೇ ದೂರ ಕೊನೆಯಲ್ಲಿ ಕಡಿಮೆ ಬೀಳುತ್ತದೆ, ಬಿಲ್ಲೆ ಪೂರ್ತಿ ತೆರೆಯುವುದೇ ಇಲ್ಲ. ಪಿಕಪ್ ಹೋಯಿತೆಂದು ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಪಂಪ್ ಎಂದು ಒಂದೊಂದನ್ನೇ ಬದಲಾಯಿಸಿ ಹಣ ಕಳೆದುಕೊಂಡವರನ್ನು ನಾನು ಬಲ್ಲೆ. ಅವರಲ್ಲಿ ಯಾರೂ ಬಾನೆಟ್ ಎತ್ತಿ ಈ ಗಾಲಿ ಎಲ್ಲಿಯವರೆಗೆ ತಿರುಗುತ್ತದೆ ಎಂದು ನೋಡಿರಲಿಲ್ಲ.

ಮೊದಲು ಹೋದ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಹುಡುಗನೊಬ್ಬ ಪಕ್ಕಡ್‌ನಿಂದ (ಇಕ್ಕಳದಿಂದ) ತಂತಿಯನ್ನು ಎಳೆದು ಹಿಡಿದ, ಇನ್ನೊಬ್ಬ ನಟ್ಟು ಬಿಗಿದ. ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯಂತೆ ನಾದ ಬರುವಷ್ಟು ಬಿಗಿ. ಎಂಜಿನ್ ಬಂದಾಗಬಾರದೆಂದು ಮೇಲೊಂದು ಸ್ಕ್ರೂವನ್ನೂ ತಿರುಗಿಸಿದರು. ನೂರೈವತ್ತು ರೂಪಾಯಿ ಕೊಟ್ಟು ಬಂದೆ. ಪೆಡಲಿನ ಸಡಿಲ ಹೋಗಿತ್ತು, ನಿಜ. ಆದರೆ ಜಗತ್ ಸರ್ಕಲ್‌ನಲ್ಲಿ ಗಾಡಿ ನಿಲ್ಲಿಸಿದಾಗ ಎಂಜಿನ್ ಸದ್ದು ಇಳಿಯಲೇ ಇಲ್ಲ. ಕಾಲು ತೆಗೆದರೂ ಎರಡನೆಯ ಗೇರಿನಲ್ಲಿ ಗಾಡಿ ತಾನಾಗಿ ಮುಂದಕ್ಕೆ ಹೋಗುತ್ತಿತ್ತು, ಅದನ್ನು ಬ್ರೇಕಿನಿಂದ ಹಿಡಿದು ನಿಲ್ಲಿಸಬೇಕಾಗುತ್ತಿತ್ತು. ಅತಿಯಾಗಿ ಬಿಗಿದ ಕೇಬಲ್ ಬಿಲ್ಲೆಯನ್ನು ಮುಚ್ಚಲು ಬಿಡದಿರುವುದರ ಫಲ ಇದು. ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುವ ಇಂಜೆಕ್ಷನ್ ಎಂಜಿನ್‌ಗಳಲ್ಲಿ, ಓಡುವ ಗಾಡಿಯಲ್ಲಿ ಚಾಲಕ ಪೆಡಲ್ ಪೂರ್ತಿ ಬಿಟ್ಟಾಗ ಪೆಟ್ರೋಲ್ ಚಿಮ್ಮುವುದನ್ನು ತಡೆಹಿಡಿಯುವ ಏರ್ಪಾಟು ಸಾಮಾನ್ಯವಾಗಿ ಇರುತ್ತದೆ. ಬಿಲ್ಲೆ ಮುಚ್ಚಿದೆ ಎಂಬ ಸೂಚನೆಯೇ ಕಂಪ್ಯೂಟರಿಗೆ ತಲುಪದಿದ್ದರೆ ಆ ಉಳಿತಾಯವೂ ಇಲ್ಲ. ಸಡಿಲ ಕೇಬಲ್ ಗಾಡಿಯನ್ನು ನಿಧಾನಗೊಳಿಸುತ್ತದೆ. ಬಿಗಿ ಕೇಬಲ್ ಅದನ್ನು ನಿಲ್ಲಲು ಬಿಡುವುದಿಲ್ಲ. ಎರಡರಲ್ಲಿ ಹೆಚ್ಚು ಅಪಾಯಕಾರಿ ಯಾವುದೆಂದು ನನಗೆ ಎರಡೇ ದಿನದಲ್ಲಿ ಮನದಟ್ಟಾಯಿತು. ಯಾರಿಗಾದರೂ ಹೀಗೆ ರಸ್ತೆಯಲ್ಲಿ ರೇಸ್ ಸಿಕ್ಕಿಕೊಂಡರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಗಾಡಿಯನ್ನು ನ್ಯೂಟ್ರಲ್‌ಗೆ ತರಬೇಕು, ಎಂಜಿನ್ ಎಷ್ಟೇ ಕಿರುಚಿದರೂ ಹೆದರಬಾರದು, ಬದಿಗೆ ನಿಂತ ಮೇಲಷ್ಟೇ ಕೀಲಿ ತಿರುಗಿಸಬೇಕು. ಓಡುತ್ತಿರುವಾಗಲೇ ಕೀಲಿ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು.

ಸಹೋದ್ಯೋಗಿಯೊಬ್ಬರು ಹೇಳಿ ಕಳಿಸಿದ ಎರಡನೆಯ ಗ್ಯಾರೇಜು ಆಳಂದ ರಸ್ತೆಯ ಬದಿಯ ಒಂದು ಓಣಿಯಲ್ಲಿದೆ. ಹೆಸರಿನ ಫಲಕವಿಲ್ಲ. ದೊಡ್ಡದೊಂದು ಬೇವಿನ ಗಿಡ, ಅದರ ನೆರಳಿಗೆ ತಗುಲಿಸಿದ ತಗಡಿನ ಚಪ್ಪರ, ಕೆಳಗೆ ಎಣ್ಣೆ ಕುಡಿದು ಕಪ್ಪಾದ ಶಹಾಬಾದ್ ಕಲ್ಲಿನ ನೆಲ, ಎರಡು ಗಾಡಿ ನಿಲ್ಲುವಷ್ಟು ಜಾಗ. ಅರವತ್ತರ ಆಸುಪಾಸಿನ ಉಸ್ತಾದರು, ಅವರ ಕೈಕೆಳಗೆ ಇಬ್ಬರು ಹುಡುಗರು. ಮೇ ತಿಂಗಳ ನಮ್ಮೂರಿನ ಬಿಸಿಲು ಗೊತ್ತಿರುವವರಿಗೆ ಬೇರೆ ಹೇಳಬೇಕಿಲ್ಲ; ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಲ್ಲಿ ಯಾವ ಬಾನೆಟ್ಟೂ ಮೇಲೇಳುವುದಿಲ್ಲ. ನಾನು ಬೆಳಿಗ್ಗೆ ಒಂಬತ್ತಕ್ಕೆ ಹೋದೆ.

ಉಸ್ತಾದರು ಗಾಡಿ ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿದರು. "ಯಾವಾಗಿಂದ ಹಿಂಗ ಆಗ್ಯಾದ್ರಿ ಸರ? ಪೆಡಲ್ ಒತ್ತಿದ್ರ ಕಾಲಿಗಿ ಭಾರ ಆಗ್ತದೋ, ಹಗುರ ಅದನೋ? ಇದಕ್ಕಿಂತ ಮೊದಲ ಮತ್ಯಾರರ ಕೈ ಹಚ್ಚ್ಯಾರೇನ್ರಿ?" ಕೊನೆಯ ಪ್ರಶ್ನೆಗೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಹಿಂದಿನವರ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. ಬಾಗಿಲು ತೆರೆದು, ಮಂಡಿಯೂರಿ, ಪೆಡಲಿನ ಕೆಳಗೆ ಕೈ ಹಾಕಿ, ನಾನು ಹೋದ ದೀಪಾವಳಿಗೆ ಕೊಂಡು ಹಾಸಿದ್ದ ದಪ್ಪ ರಬ್ಬರ್ ಮ್ಯಾಟನ್ನು ಎಳೆದು ಹೊರಗಿಟ್ಟರು. ಹಳೆಯ ಮ್ಯಾಟ್ ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಸಿದ್ದರಿಂದ ಅದರ ಮೇಲೆತ್ತಿದ ಅಂಚು ಪೆಡಲಿಗೆ ಅಡ್ಡ ಬಂದು, ಪೆಡಲ್ ನೆಲ ಮುಟ್ಟುವ ಮೊದಲೇ ನಿಲ್ಲುತ್ತಿತ್ತು. ಕೇಬಲ್‌ನ ಸಡಿಲ ಒಂದು ಕಡೆಯಿಂದ, ಮ್ಯಾಟಿನ ಅಂಚು ಇನ್ನೊಂದು ಕಡೆಯಿಂದ, ಎರಡೂ ಸೇರಿ ಗಾಡಿಯ ಶಕ್ತಿಯನ್ನು ತಿಂದಿದ್ದವು. ಹಿಂದಿನ ಗ್ಯಾರೇಜಿನಲ್ಲಿ ಕಾಲಡಿಯನ್ನು ಯಾರೂ ಬಗ್ಗಿ ನೋಡಿರಲಿಲ್ಲ. ಉಸ್ತಾದರ ಕೆಲಸದ ಮೇಲೆ ನನಗೆ ವಿಶ್ವಾಸ ಹುಟ್ಟಿದ್ದು ಇಲ್ಲಿಂದಲೇ.

ಆಮೇಲೆ ಬಾನೆಟ್ ಎತ್ತಿ, ಹಿಂದಿನವರು ಬಿಗಿದದ್ದನ್ನು ಪೂರ್ತಿ ಬಿಚ್ಚಿದರು. ಕೇಬಲ್ ಸಡಿಲಗೊಂಡು ಗಾಲಿ ತನ್ನ ಸ್ಪ್ರಿಂಗಿನ ಬಲದಿಂದಲೇ ಹಿಂದಕ್ಕೆ ಬಂದು ಕೂತ ಮೇಲೆ, ಆ ತಿರುಗಿಸಿದ ಸ್ಕ್ರೂವನ್ನು ನನಗೆ ತೋರಿಸಿದರು. ಅದರ ತಲೆಯ ಮೇಲೂ ಪಕ್ಕದ ನಟ್ಟಿನ ಮೇಲೂ ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣದ ಒಂದು ಚುಕ್ಕೆ ಇತ್ತು. ಸ್ಕ್ರೂ ತಿರುಗಿದ್ದರಿಂದ ಚುಕ್ಕೆ ಎರಡು ಹೋಳಾಗಿ ಒಂದು ಈ ಕಡೆ, ಒಂದು ಆ ಕಡೆ ನಿಂತಿತ್ತು. ಬಿಲ್ಲೆ ಎಲ್ಲಿ ನಿಲ್ಲಬೇಕೆಂದು ತಯಾರಿಸುವಾಗಲೇ ಹೊಂದಿಸಿಟ್ಟ ತಡೆಸ್ಕ್ರೂ ಅದು, ಕೇಬಲ್‌ನ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಉಸ್ತಾದರು ಎರಡು ಹೋಳು ಮತ್ತೆ ಒಂದೇ ಚುಕ್ಕೆಯಾಗುವವರೆಗೆ, ಕಣ್ಣು ಕಿರಿದು ಮಾಡಿಕೊಂಡು, ಕೂದಲೆಳೆಯಷ್ಟೇ ತಿರುಗಿಸುತ್ತ ಬಂದರು. ಅನಂತರ ಜೇಬಿನಿಂದ ಹಳೆಯ ಬಸ್ ಟಿಕೆಟ್ ತೆಗೆದು ಗಾಲಿಯ ಚಾಚಿಗೂ ಸ್ಕ್ರೂವಿನ ತುದಿಗೂ ನಡುವೆ ಸಿಕ್ಕಿಸಿ ಎಳೆದರು. ಟಿಕೆಟ್ ಬರಲಿಲ್ಲ, ಹಿಡಿದುಕೊಂಡಿತು. ಗಾಲಿ ತಡೆಯ ಮೇಲೆ ಗಟ್ಟಿಯಾಗಿ ಕೂತಿದೆ ಎನ್ನುವುದಕ್ಕೆ ಅದು ಸಾಕ್ಷಿ. ಇದೇ ಟಿಕೆಟನ್ನು ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಸಿಕ್ಕಿಸಿ ನೋಡಿದರು. ಬಿಗಿದ ಕೇಬಲ್ ಗಾಲಿಯನ್ನು ಸ್ವಲ್ಪವೇ ಎತ್ತಿ ಹಿಡಿದಿದ್ದರೂ ಟಿಕೆಟ್ ಸಲೀಸಾಗಿ ಜಾರಿ ಬರುತ್ತದೆ.

ತಂತಿಯ ಪರೀಕ್ಷೆ ಇನ್ನೂ ಸೊಗಸಾಗಿತ್ತು. ಹುಡುಗ ತಂದುಕೊಟ್ಟ ಹತ್ತಿಯ ಒಂದು ಎಸಳನ್ನು ತಂತಿಯ ಹೊರಗೆ ಕಾಣುವ ಭಾಗದುದ್ದಕ್ಕೂ, ಗಾಲಿಗೆ ಸಿಕ್ಕಿಸಿದ ಗುಂಡಿನವರೆಗೂ, ಮೆಲ್ಲಗೆ ಎಳೆದುಕೊಂಡು ಹೋದರು. ಎಳೆಯೊಂದು ಹರಿದು ಎದ್ದಿದ್ದರೆ, ಕಣ್ಣಿಗೆ ಕಾಣದಿದ್ದರೂ, ಹತ್ತಿ ಅಲ್ಲಿ ಸಿಕ್ಕಿಕೊಂಡು ನೂಲು ಬಿಡುತ್ತದೆ. ಪೆಡಲಿನ ತುದಿಯಲ್ಲೂ ಹಾಗೆಯೇ ಮಾಡಿದರು. ಎರಡೂ ಕಡೆ ಹತ್ತಿ ಅಖಂಡವಾಗಿ ಹೊರಬಂತು. ಒಂದು ಎಳೆ ಹರಿದಿದ್ದರೂ ಹೊಂದಿಸುವ ಮಾತಿಲ್ಲ, ಹೊಸ ಕೇಬಲ್ ಹಾಕಲೇಬೇಕು, ಏಕೆಂದರೆ ಹರಿದ ಎಳೆ ಕವಚದೊಳಗೆ ಹೋಗಿ ಸಿಕ್ಕಿಕೊಂಡರೆ ಬಿಲ್ಲೆ ತೆರೆದೇ ನಿಲ್ಲುತ್ತದೆ ಎಂದು ವಿವರಿಸಿದರು. ತಂತಿಗೆ ಎಣ್ಣೆ ಬಿಡುವುದಿಲ್ಲವೇ ಎಂದು ಕೇಳಿದೆ. "ಇಲ್ರಿ ಸರ. ಒಳಗ ಪ್ಲಾಸ್ಟಿಕ್ ನಳಗಿ ಅದ. ಎಣ್ಣಿ ಬಿಟ್ರ ಧೂಳ ಹಿಡಿತದ, ಆಮ್ಯಾಲ ತಂತಿ ಅದರಾಗೇ ಹುಗದು ಕುಂದ್ರತದ" ಎಂದರು. ಭೀಮಾ ತೀರದ ಎರೆಮಣ್ಣಿನ ಧೂಳು ಎಷ್ಟು ನುಣುಪು, ಎಷ್ಟು ಅಂಟು ಎಂಬುದನ್ನು ಬಲ್ಲವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಅಂದು ಅವರು ಕೇಬಲನ್ನು ಒಣ ಬಟ್ಟೆಯಿಂದ ಒರೆಸಿದರು, ಥ್ರಾಟಲ್ ಬಾಡಿಯ ಬಾಯಿಯಲ್ಲಿ ಕಟ್ಟಿದ್ದ ಮಸಿಯನ್ನು ಕ್ಲೀನರ್ ಸಿಂಪಡಿಸಿದ ಬಟ್ಟೆಯಿಂದ ತೆಗೆದರು, ಅಷ್ಟೇ.

ಹೊಂದಿಸುವ ಕೆಲಸ ಶುರುವಾದದ್ದು ಇದೆಲ್ಲ ಮುಗಿದ ಮೇಲೆ. ಮೊದಲು ಎಂಜಿನ್ ಚಾಲೂ ಮಾಡಿ ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುವವರೆಗೆ ಬಿಟ್ಟರು. ತಣ್ಣಗಿರುವಾಗಿನ ಅಳತೆಯನ್ನೇ ನಂಬಬಾರದು ಎಂಬುದು ಅವರ ನಿಯಮ. ಆಮೇಲೆ ಎಂಜಿನ್ ನಿಲ್ಲಿಸಿದರು. ಕೇಬಲ್‌ನ ಕವಚದ ತುದಿಯಲ್ಲಿ ತಿರುಪಿನ ಹಲ್ಲುಗಳಿವೆ. ಅದು ಒಂದು ಬ್ರಾಕೆಟ್ಟಿನಲ್ಲಿ ಕೂರುತ್ತದೆ. ಬ್ರಾಕೆಟ್ಟಿನ ಆಚೆಗೊಂದು ಈಚೆಗೊಂದು ನಟ್ಟು. ಒಂದನ್ನು ಸಡಿಲಿಸಿ ಇನ್ನೊಂದನ್ನು ತಿರುಗಿಸಿದರೆ ಕವಚ ಹಿಂದೆ ಮುಂದೆ ಸರಿದು ತಂತಿಯ ಬಿಗಿ ಬದಲಾಗುತ್ತದೆ. ಕೈ ಹಾಕುವ ಮುನ್ನ ನಟ್ಟು ಇದ್ದ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿದ್ದು ನನಗೆ ಬಹಳ ಹಿಡಿಸಿತು. ತಪ್ಪಿದರೆ ಹಿಂತಿರುಗಲು ದಾರಿ ಇರುತ್ತದೆ. ಎರಡು ಪಾನಾ ಹಿಡಿದು ಅರ್ಧರ್ಧ ಸುತ್ತು ತಿರುಗಿಸುತ್ತ, ಪ್ರತಿ ಸಲವೂ ಬ್ರಾಕೆಟ್ಟಿಗೂ ಗಾಲಿಗೂ ನಡುವಿನ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ, ಅದು ಎಷ್ಟು ಬಗ್ಗುತ್ತದೆಂದು ನೋಡಿದರು. ಕೇಬಲ್ ಇರುವ ಕಾರುಗಳ ಸರ್ವಿಸ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಈ ಸಡಿಲಕ್ಕೆ ಇಂತಿಷ್ಟೇ ಮಿಲಿಮೀಟರ್ ಎಂಬ ಅಳತೆ ಇರುತ್ತದೆ; ಅವರು ಚಪ್ಪರದ ಕಂಬಕ್ಕೆ ನೇತುಹಾಕಿದ್ದ ಉಕ್ಕಿನ ಪಟ್ಟಿಯನ್ನು ತಂದು ತಮ್ಮ ಹೆಬ್ಬೆರಳಿನ ಅಂದಾಜನ್ನು ಕೊನೆಗೆ ಅಳೆದೂ ನೋಡಿದರು.

"ಏ ತಮ್ಮಾ, ಒತ್ತು. ಪೂರಾ ಒತ್ತು. ಬಿಡು." ಹುಡುಗ ಸೀಟಿನಲ್ಲಿ ಕೂತು ಹೇಳಿದಂತೆ ಮಾಡಿದ. ನನ್ನನ್ನು ಹತ್ತಿರ ಕರೆದು ಗಾಲಿಯನ್ನು ತೋರಿಸಿದರು. ಪೆಡಲ್ ನೆಲ ಮುಟ್ಟಿದ ಕ್ಷಣಕ್ಕೆ ಗಾಲಿಯ ಇನ್ನೊಂದು ಚಾಚು ಮೇಲಿನ ತಡೆಗೆ ಬಂದು ತಾಗಿತು. ಮೊದಲು ಎಷ್ಟು ದೂರದಲ್ಲಿ ನಿಲ್ಲುತ್ತಿತ್ತೆಂದು ಕೇಳಿದಾಗ ತಮ್ಮ ಕಿರುಬೆರಳನ್ನು ಅಡ್ಡ ಹಿಡಿದು ತೋರಿಸಿದರು. ಆ ಕಿರುಬೆರಳಿನ ಅಗಲದಷ್ಟು ಜಾಗವೇ ಕಟ್ಟಿ ಸಂಗಾವಿಯ ಹತ್ತಿರ ನನ್ನನ್ನು ಲಾರಿಯ ಹಿಂದಕ್ಕೆ ತಳ್ಳಿದ್ದು.

ಇಷ್ಟಾದರೂ ತಂತಿಯಲ್ಲಿ ಸ್ವಲ್ಪ ಸಡಿಲ ಉಳಿದೇ ಇತ್ತು. ಅದನ್ನೂ ತೆಗೆದುಬಿಡಬಾರದೇ ಎಂದು ನಾನು ಕೇಳಿದ್ದಕ್ಕೆ ಅವರು ಎಂಜಿನ್ ಚಾಲೂ ಮಾಡಿಸಿ, ಹುಡುಗನಿಗೆ ಒಮ್ಮೆ ಜೋರಾಗಿ ರೇಸ್ ಕೊಡಲು ಹೇಳಿದರು. ಇಡೀ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್‌ಗಳ ಮೇಲೆ ಒಂದು ಪಕ್ಕಕ್ಕೆ ವಾಲಿ ಮತ್ತೆ ಕೂತಿತು. "ನೋಡ್ರಿ, ಎಂಜಿನ್ ಅಲಗಾಡ್ತದ. ಅದು ಅಲಗಾಡಿದಾಗ ತಂತಿ ತಾನೇ ರೇಸ್ ಕೊಡಬಾರದು. ಅದಕ್ಕ ಇಷ್ಟು ಢಿಲಾ ಇರಲೇಬೇಕ್ರಿ ಸರ." ಪೆಡಲ್ ಇರುವುದು ಗಾಡಿಯ ಮೈಗೆ, ಗಾಲಿ ಇರುವುದು ಎಂಜಿನ್‌ಗೆ, ಎರಡರ ನಡುವಿನ ದೂರ ಪ್ರತಿ ಗುಂಡಿಯಲ್ಲೂ ಪ್ರತಿ ಗೇರಿನಲ್ಲೂ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಇಷ್ಟು ವರ್ಷ ಗಾಡಿ ಓಡಿಸಿದ ನನಗೆ ಇದು ಹೊಳೆದಿರಲಿಲ್ಲ, ಅವರು ತೋರಿಸಿದ ಮೇಲೆ ಮರೆಯುವಂತೆಯೂ ಇಲ್ಲ.

ಕೊನೆಗೆ ನಟ್ಟುಗಳನ್ನು ಬಿಗಿದು, ನಟ್ಟು ಮತ್ತು ಬ್ರಾಕೆಟ್ ಎರಡನ್ನೂ ಹಾಯುವಂತೆ ಬಿಳಿ ಪೇಂಟಿನ ಒಂದು ಗೆರೆ ಎಳೆದರು. ನಟ್ಟು ತಾನಾಗಿ ಸಡಿಲಗೊಂಡರೆ ಗೆರೆ ಮುರಿದದ್ದು ಬಾನೆಟ್ ಎತ್ತಿದವರಿಗೆಲ್ಲ ಕಾಣಬೇಕೆಂದು ಹಾಗೆ ಮಾಡುತ್ತಾರೆ. ರಿಂಗ್ ರೋಡಿನಲ್ಲಿ ಹುಮನಾಬಾದ್ ಬೇಸ್‌ವರೆಗೆ ಅವರೇ ಪಕ್ಕದಲ್ಲಿ ಕೂತು ನನ್ನಿಂದ ಓಡಿಸಿದರು. ಮೂರನೆಯ ಗೇರಿನಲ್ಲಿ ಕಾಲು ಪೂರ್ತಿ ತೆಗೆಸಿ ಗಾಡಿಯ ವೇಗ ಇಳಿಯುವುದನ್ನು ಗಮನಿಸಿದರು, ಸಿಗ್ನಲ್ಲಿನಲ್ಲಿ ಎಂಜಿನ್ನಿನ ಸದ್ದು ಆಲಿಸಿದರು. ಒಟ್ಟು ಒಂದೂವರೆ ಗಂಟೆಯ ಕೆಲಸಕ್ಕೆ 300 ರೂಪಾಯಿ ತೆಗೆದುಕೊಂಡರು. ಮೊದಲ ಗ್ಯಾರೇಜಿಗೆ ಕೊಟ್ಟದ್ದರ ಎರಡು ಪಟ್ಟು. ನನ್ನ ಮಟ್ಟಿಗೆ ಅದು ಕಡಿಮೆಯೇ ಆಯಿತು.

ಕೊರತೆಗಳನ್ನೂ ಹೇಳಬೇಕು. ಬಿಲ್ ಕೊಡುವ ರೂಢಿ ಅಲ್ಲಿಲ್ಲ. ನಾನು ಕೇಳಿದ್ದಕ್ಕೆ ಒಂದು ಹಾಳೆಯಲ್ಲಿ ಮಾಡಿದ ಕೆಲಸವನ್ನೂ ಮೊತ್ತವನ್ನೂ ಬರೆದುಕೊಟ್ಟರು, ಆದರೆ ಕೇಳದೆಯೇ ಕೊಡುವಂತಾಗಬೇಕು. ಸೀಟಿನ ಮೇಲೆ ಬಟ್ಟೆ ಹಾಸದೆ ಹುಡುಗನನ್ನು ಕೂರಿಸಿದ್ದರಿಂದ ಗ್ರೀಸಿನ ಕಲೆಯೊಂದು ಉಳಿದಿದೆ, ಸೋಪಿಗೂ ಹೋಗಿಲ್ಲ. ಫೋನಿನಲ್ಲಿ ಸಮಯ ಗೊತ್ತುಮಾಡಿಕೊಳ್ಳುವ ವ್ಯವಸ್ಥೆ ಇಲ್ಲದ್ದರಿಂದ, ಮುಂದೆ ಎರಡು ಗಾಡಿಗಳಿದ್ದರೆ ಅರ್ಧ ದಿನ ಅಲ್ಲಿಯೇ ಕಳೆಯಬೇಕಾಗುತ್ತದೆ. ಶುಕ್ರವಾರ ಮಧ್ಯಾಹ್ನದ ಮೇಲೆ ಗ್ಯಾರೇಜು ತೆರೆದಿರುವುದಿಲ್ಲ. ಕೇಬಲ್ ಬದಲಾಯಿಸಲೇಬೇಕಾದವರು ಹೊಸದನ್ನು ಅಂಗಡಿಯಿಂದ ತಾವೇ ಕೊಂಡೊಯ್ಯಬೇಕು. ಉಸ್ತಾದರು ಬಿಡಿಭಾಗಗಳನ್ನು ಇಟ್ಟುಕೊಳ್ಳುವುದಿಲ್ಲ. ಈಗಿನ ಹೊಸ ಕಾರುಗಳ ಮಾಲೀಕರಿಗಂತೂ ಈ ಬರಹ ಅನ್ವಯಿಸುವುದಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಇಂಥ ಕೇಬಲ್ಲೇ ಇಲ್ಲ, ಪೆಡಲಿನಲ್ಲಿರುವ ಸೆನ್ಸರ್ ಕಳಿಸುವ ಸೂಚನೆಯಂತೆ ಸಣ್ಣ ಮೋಟಾರೊಂದು ಬಿಲ್ಲೆಯನ್ನು ತೆರೆಯುತ್ತದೆ. ಮಾರುತಿ 800, ಓಮ್ನಿ, ಜೆನ್, ಹಳೆಯ ಆಲ್ಟೊ, ಹಳೆಯ ಸ್ಯಾಂಟ್ರೊ ಇಟ್ಟುಕೊಂಡವರು ಧೈರ್ಯವಾಗಿ ಇಲ್ಲಿಗೆ ಹೋಗಬಹುದು.

ಈಗ ಮೂರು ತಿಂಗಳಾದವು. ಪೇಂಟಿನ ಗೆರೆ ಮುರಿದಿಲ್ಲ, ಪೆಡಲ್ ಮುಟ್ಟಿದೊಡನೆ ಎಂಜಿನ್ ಉತ್ತರ ಕೊಡುತ್ತದೆ, ಕಾಲು ತೆಗೆದರೆ ಸದ್ದು ಇಳಿಯುತ್ತದೆ. ಅಂದು ಅವರು ಇನ್ನೊಂದು ವಿಷಯವನ್ನೂ ಗಮನಕ್ಕೆ ತಂದಿದ್ದರು: ಎಂಜಿನ್ನಿನ ಒಂದು ಮೌಂಟಿಂಗಿನ ರಬ್ಬರು ಅಲ್ಲಲ್ಲಿ ಬಿರಿದಿದೆ, ಅವಸರವಿಲ್ಲ, ಆದರೆ ಮಳೆಗಾಲ ಮುಗಿಯುವುದರೊಳಗೆ ಬದಲಾಯಿಸಬೇಕು ಎಂದು. ರಬ್ಬರ್ ತಂದಿಟ್ಟುಕೊಂಡಿದ್ದೇನೆ, ಬರುವ ಭಾನುವಾರ ಗಾಡಿಯನ್ನು ಅಲ್ಲಿಗೇ ಒಯ್ಯಲಿದ್ದೇನೆ. ಹೊಸ ರಬ್ಬರಿನ ಮೇಲೆ ಎಂಜಿನ್ ಕೂರುವ ಎತ್ತರ ತುಸು ಬದಲಾಗುವುದರಿಂದ, ಅಂದು ಕೇಬಲ್‌ನ ಸಡಿಲವನ್ನೂ ಹೊಸದಾಗಿ ಅಳೆಯಬೇಕಾಗುತ್ತದೆ ಎಂದು ಉಸ್ತಾದರು ಮೊದಲೇ ಹೇಳಿಟ್ಟಿದ್ದಾರೆ.